ಹಿಂದ, ಬಾಜು, ಮುಂದ

ಜೂನ್ 1, ರವಿವಾರ

ಬರೆಯುವ ಚಟ ನನಗಿಲ್ಲ. ದಿನವಿಡೀ ಬಸ್ಸಿನಲ್ಲಿ ಬಾಯಿ ಬಡಿದುಕೊಂಡು ಬಂದ ಮೇಲೆ ರಾತ್ರಿ ಊಟದ ಹೊತ್ತಿಗೆ ದಾನೇಶ್ವರಿಯ ತಲೆ ತಿನ್ನುವುದು ನನ್ನ ರೂಢಿ. ಮೂರು ವಾರದಿಂದ ಆ ತಲೆ ಮಹಾಂತೇಶ ನಗರದಲ್ಲಿದೆ. ಮದುವೆಯಾಗಿ ಹೋದಳು. ಅನಗೋಳದ ಈ ಎರಡು ಖೋಲಿಯಲ್ಲಿ ನಾವಿಬ್ಬರೂ ಒಂಬತ್ತು ವರ್ಷ ಇದ್ದೆವು. ಆಕೆ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು, ನಾನು ಬಸ್ ಕಂಡಕ್ಟರ್. ಮೂವತ್ತೈದನೆಯ ವಯಸ್ಸಿಗೆ ಆಕೆಗೆ ಗಂಡು ಗೊತ್ತಾಯಿತು. ಬಸವಪ್ರಸಾದ ಅಂತ, ಹಾರ್ಡ್‌ವೇರ್ ಅಂಗಡಿ, ಒಳ್ಳೆಯ ಮನುಷ್ಯ. ನನಗೆ ಬಹಳ ಸಂತೋಷ ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗಾಡಿದ್ದೇನೆ. ಇಲ್ಲಿ ಯಾರೂ ಓದುವುದಿಲ್ಲವಲ್ಲ, ಬರೆಯುತ್ತೇನೆ. ನನಗೆ ಸಂತೋಷವಾಗಿಲ್ಲ.

ಈ ಕುಣಿತದ ಹುಚ್ಚು ಕೂಡ ಆಕೆಯದೇ. ನಮ್ಮ ಓಣಿಯಲ್ಲಿ ಸಾವಂತ್ರವ್ವನ ಹಿಟ್ಟಿನ ಗಿರಣಿ ಇದೆ. ಅದರ ಮೇಲಿನ ಹಾಲ್‌ನಲ್ಲಿ ಸಂಜಯ ಎಂಬ ಹುಡುಗ ಪುಣೆಯಿಂದ ಕಲಿತು ಬಂದು ಕುಣಿತದ ಕ್ಲಾಸು ನಡೆಸುತ್ತಾನೆ. ದಾನೇಶ್ವರಿ ನನ್ನನ್ನು ಕೇಳದೆಯೇ ಇಬ್ಬರ ಹೆಸರೂ ಹಚ್ಚಿದಳು. ಸೆಪ್ಟೆಂಬರಿನಲ್ಲಿ ಅವನ ವಾರ್ಷಿಕ ಕಾರ್ಯಕ್ರಮ. ಅದರ ಪಟ್ಟಿಯಲ್ಲಿಯೂ ‘ತ್ರಿವೇಣಿ–ದಾನೇಶ್ವರಿ, ಜೋಡಿ’ ಅಂತ ಬರೆಸಿಬಿಟ್ಟಳು. ಎರಡು ಕ್ಲಾಸಿಗೆ ಹೋದೆವು, ಬರೀ ಮೈ ಸಡಿಲು ಮಾಡುವುದರಲ್ಲೇ ಮುಗಿದವು, ಅಷ್ಟರಲ್ಲಿ ಮದುವೆಯ ಗದ್ದಲ. ಅಕ್ಷತೆ ಬಿದ್ದ ಮೇಲೆ ನನ್ನ ಕೈ ಹಿಡಿದು, “ಕ್ಲಾಸ್ ಬಿಡಬ್ಯಾಡ ಮತ್ತ. ಜೂನಿನಿಂದ ನಾ ಬರ್ತೀನಿ,” ಅಂದಳು.

ಇವತ್ತು ಹೋದೆ. ಆಕೆ ಬರಲಿಲ್ಲ. ನನ್ನ ಸುತ್ತ ಹದಿನೆಂಟು, ಇಪ್ಪತ್ತು ವರ್ಷದ ಹುಡುಗಿಯರು. ನನಗೆ ಮೂವತ್ತೇಳು. ನೀರು ಕುಡಿಯುವ ನೆಪದಲ್ಲಿ ಮೂರು ಸಲ ಹೊರಗೆ ಹೋಗಿ ಮೆಟ್ಟಿಲು ನೋಡಿ ಬಂದೆ.

ಜೂನ್ 8, ರವಿವಾರ

ಈ ಕುಣಿತಕ್ಕೆ ಹೌಸ್ ಅನ್ನುತ್ತಾರೆ. ಹಾಡಿನಲ್ಲಿ ಮಾತು ಕಡಿಮೆ. ಧುಮ್ ಧುಮ್ ಧುಮ್ ಧುಮ್ ಅಂತ ಒಂದೇ ಸಮ ಬಡಿಯುತ್ತಿರುತ್ತದೆ, ಕೆಳಗಿನ ಗಿರಣಿಯ ಪಟ್ಟಾ ತಿರುಗಿದಂತೆ. ಮೊಣಕಾಲು ಸಡಿಲು ಬಿಟ್ಟು ಅದರ ಮೇಲೆ ಕಾಲಾಡಿಸಬೇಕು. ಎಲ್ಲರಿಗೂ ಮೊದಲು ಕಲಿಸುವ ಹೆಜ್ಜೆಗೆ ಪಾ-ದ-ಬುರೇ ಅಂತ ಏನೋ ಫ್ರೆಂಚ್ ಹೆಸರು. ಬಲಗಾಲು ಎಡಗಾಲಿನ ಹಿಂದೆ ಹೋಗಬೇಕು, ಎಡಗಾಲು ಪಕ್ಕಕ್ಕೆ ಸರಿಯಬೇಕು, ಬಲಗಾಲು ಮುಂದೆ ಬರಬೇಕು. ಆಮೇಲೆ ಅದನ್ನೇ ಎಡಗಾಲಿನಿಂದ. ನನ್ನಂಥವರಿಗಾಗಿ ಸಂಜಯ ಅದನ್ನು “ಹಿಂದ, ಬಾಜು, ಮುಂದ” ಮಾಡಿದ್ದಾನೆ. ಎಣಿಸುವುದು ಮಾತ್ರ ಅವನ ಮರಾಠಿಯಲ್ಲೇ, ಏಕ್ ಆಣಿ ದೋನ್, ಏಕ್ ಆಣಿ ದೋನ್.

ಮೊಣಕಾಲಿನ ವಿಷಯದಲ್ಲಿ ಶಹಬ್ಬಾಸ್ ಅನ್ನಿಸಿಕೊಂಡೆ. ಹದಿನಾಲ್ಕು ವರ್ಷ ಓಡುವ ಬಸ್ಸಿನಲ್ಲಿ ನಿಂತವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಎಡವಟ್ಟಾದದ್ದು ‘ಹಿಂದ’ ಎಂಬಲ್ಲಿ.

“ಅಕ್ಕಾ, ಹಿಂದ ಯಾರದಾರ್ರಿ?” ಅಂತ ಸಂಜಯ ಹಾಡು ನಿಲ್ಲಿಸಿ ಕೇಳಿದ.

“ಯಾರೂ ಇಲ್ಲಲಾ.”

“ಮತ್ತ ಪ್ರತಿಯೊಂದ ಸಲಾ ಹೊಳ್ಳಿ ನೋಡಾಕತ್ತೀರಿ.”

ನಾನು ನೋಡಿದ್ದು ನನಗೇ ಗೊತ್ತಿಲ್ಲ. ಇನ್ನೊಮ್ಮೆ ಮಾಡಿಸಿದ. ಹೌದು, ಹಿಂದೆ ಕಾಲಿಡುವ ಮೊದಲು ನನ್ನ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ತಿರುಗಿದೊಡನೆ ಲಯ ತಪ್ಪುತ್ತದೆ. ಹುಡುಗಿಯರು ನಕ್ಕರು. ಕೆಟ್ಟದ್ದಕ್ಕಲ್ಲ, ಆದರೂ ನಕ್ಕರು.

ಜೂನ್ 10, ಮಂಗಳವಾರ

ಖಾನಾಪುರ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ನಮ್ಮ ಡ್ರೈವರ್ ಈರಣ್ಣನಿಗೆ ಹೇಳಿದೆ. ಆರು ವರ್ಷದಿಂದ ನಾವಿಬ್ಬರೂ ಒಂದೇ ಬಸ್ಸಿನ ಮೇಲೆ, ಬೆಳಗಾವಿಯಿಂದ ಖಾನಾಪುರ, ಅಲ್ಲಿಂದ ಕಣಕುಂಬಿ.

“ನೋಡದ ಮತ್ತೇನ ಮಾಡ್ತಿ?” ಅಂದ. “ನಾ ಗಾಡಿ ರಿವರ್ಸ್ ತಗೊಳ್ಳಾಗ ಹಿಂದ ನಿಂತು ಬರ್ರಿ ಬರ್ರಿ ಅನ್ನಾಕಿ ನೀನ. ಹಿಂದ ನೋಡಾಕಂತನ ಸರಕಾರ ನಿನಗ ಪಗಾರ ಕೊಡತೈತಿ. ಆ ಹುಡುಗಗ ಹೇಳು, ನೋಡಲಾರದ ಹಿಂದ ಸರದ್ರ ಸಸ್ಪೆಂಡ್ ಮಾಡ್ತಾರು ಅಂತ.”

ನಗೆ ಬಂತು. ಆದರೆ ಅವನು ಹೇಳಿದ್ದು ಖರೆ. ಬಸ್ಸಿನೊಳಗೂ ಅಷ್ಟೇ. ನನ್ನ ಹಿಂದೆ ಯಾವಾಗಲೂ ಯಾರದೋ ಗಂಟು, ಯಾರದೋ ಕೂಸು, ಯಾವುದೋ ಮುದುಕಿಯ ಪಾದ ಇದ್ದೇ ಇರುತ್ತದೆ. ಕಾಲಿಗೆ ಕಣ್ಣಿಲ್ಲ ಅಂತ ಬೈಸಿಕೊಂಡೇ ಈ ನೌಕರಿ ಕಲಿತಿದ್ದೇನೆ.

ಇದನ್ನು ದಾನೇಶ್ವರಿಗೆ ಹೇಳಬೇಕು ಅನ್ನಿಸಿ ಫೋನ್ ಮಾಡಿದೆ. “ಅತ್ತಿಯವರು ಕರ್ಯಾಕತ್ತಾರ, ಆಮ್ಯಾಲ ಮಾಡ್ತೀನಿ,” ಅಂದಳು. ಮಾಡಲಿಲ್ಲ.

ಜೂನ್ 22, ರವಿವಾರ

ಮತ್ತೆ ಬರಲಿಲ್ಲ. ಮತ್ತೆ ತಿರುಗಿ ನೋಡಿದೆ. ಬೇರೆ ಏನೂ ಇಲ್ಲ.

ಜುಲೈ 6, ರವಿವಾರ

ಸಂಜಯ ಮನೆಪಾಠ ಕೊಟ್ಟಿದ್ದಾನೆ. ದಿನಾ ಹತ್ತು ನಿಮಿಷ ಮಾಡಿ ಫೋನಿನಲ್ಲಿ ತೆಗೆದು ನಮ್ಮ ತಪ್ಪು ನಾವೇ ನೋಡಿಕೊಳ್ಳಬೇಕು. ಹಿಟ್ಟಿನ ಡಬ್ಬಿಗೆ ಫೋನ್ ಆನಿಸಿಟ್ಟು ಕುಣಿದೆ. ಪರದೆಯ ಮೇಲೆ ನನ್ನ ಎರಡು ಕಾಲು, ಬಾಜೂಕ್ಕೆ ಖಾಲಿ ಫರಸಿ ನೆಲ. ಜೋಡಿ ಅಂದ ಮೇಲೆ ಆಕೆಯ ಜಾಗ ಬಿಟ್ಟೇ ನಿಲ್ಲುತ್ತೇನೆ. ಆಕೆ ಯಾವತ್ತು ಬಂದರೂ ನೇರ ಬಂದು ನಿಲ್ಲಬೇಕು, ಅಷ್ಟೇ.

ವಿಡಿಯೋವನ್ನು ಆಕೆಗೆ ಕಳಿಸಿದೆ. ಹೆಬ್ಬೆಟ್ಟಿನ ಚಿತ್ರ ಬಂತು. ಹಳದಿ ಹೆಬ್ಬೆಟ್ಟು. ಅರ್ಧ ತಾಸಿನ ಮೇಲೆ ಇನ್ನೊಂದು ಸಾಲು: “ಬರೇ ಕಾಲ ಕಾಣ್ತಾವು. ತಲೀನೂ ಕಾಣೂ ಹಂಗ ತೆಗಿ.” ನನ್ನ ಮೋರೆ ನೋಡಬೇಕು ಅನ್ನಿಸಿರಬೇಕು. ಕಪಾಟಿನ ಮೇಲೆ ಫೋನಿಟ್ಟು ಮತ್ತೆ ಕುಣಿದೆ, ಕೂದಲು ಬಾಚಿಕೊಂಡು.

ಜುಲೈ 21, ಸೋಮವಾರ

ಇವತ್ತು ಬೆಳಗಾವಿ ನಿಲ್ದಾಣದಲ್ಲಿ ನನ್ನ ಬಸ್ಸನ್ನೇ ಹತ್ತಿದಳು. ಜೊತೆಗೆ ಅತ್ತೆ, ಇಬ್ಬರು ನೆಗೆಣ್ಣಿಯರು. ಕಣಕುಂಬಿಯ ದೇವಿಗೆ ಅತ್ತೆಯ ಹರಕೆಯಂತೆ. ಮನೆಯಲ್ಲಿ ಎರಡು ಕಾರಿವೆ. ಆದರೆ ಹೆಣ್ಣುಮಕ್ಕಳಿಗೆ ಬಸ್ಸು ಫುಕಟ್ ಇರುವಾಗ ಪೆಟ್ರೋಲ್ ಯಾಕೆ ಸುಡಬೇಕು ಅಂತ ಅತ್ತೆಯ ವಿಚಾರ. ನಾಲ್ಕೂ ಮಂದಿಯ ಆಧಾರ್ ನೋಡಿ ನಾಲ್ಕು ಸೊನ್ನೆ ಟಿಕೆಟ್ ಹರಿದುಕೊಟ್ಟೆ. ಆಕೆಯ ಆಧಾರಿನಲ್ಲಿ ಇನ್ನೂ ನಮ್ಮ ಅನಗೋಳದ ಮನೆಯ ವಿಳಾಸವೇ ಇದೆ.

“ಪರಿಚಯದವರೇನ?” ಅಂತ ಅತ್ತೆ ಕೇಳಿದರು.

“ಹೌದ್ರಿ. ಮೊದಲ ಒಂದ ಕಡೆ ಇದ್ವಿ,” ಅಂದಳು ದಾನೇಶ್ವರಿ.

ಮೊದಲ ಒಂದ ಕಡೆ ಇದ್ವಿ. ಬಸ್ ಸ್ಟಾಪಿನಲ್ಲಿ ಮಳೆಗೆ ನಿಂತವರೂ ಒಂದು ಕಡೆ ಇರುತ್ತಾರೆ. ಆಕೆಗೆ ಟೈಫಾಯಿಡ್ ಬಂದಾಗ ಹನ್ನೊಂದು ದಿನ ರಜೆ ಹಾಕಿ ಗಂಜಿ ಕುಡಿಸಿದವಳು ನಾನು. ನನ್ನ ಅವ್ವ ತೀರಿದಾಗ ನಮ್ಮೂರಿಗೆ ಬಂದು ಕುರಿ ಹಟ್ಟಿಯ ಬಾಜೂಕ್ಕೆ ಮೂರು ರಾತ್ರಿ ನನ್ನ ಮಗ್ಗುಲಲ್ಲಿ ಮಲಗಿದವಳು ಆಕೆ. ಮುಂದಿನ ಸ್ಟಾಪು ಬಂತು, ಜನ ಹತ್ತಿದರು, “ಒಳಗ ಹೋಗ್ರಿ, ಆತ್ ಚಲಾ” ಅಂತ ಎರಡೂ ಭಾಷೆಯಲ್ಲಿ ಒದರುತ್ತ ಹಿಂದಿನ ಬಾಗಿಲಿಗೆ ಹೋದವಳು ಕಣಕುಂಬಿಯ ತನಕ ಮುಂದೆ ಬರಲಿಲ್ಲ.

ಇಳಿಯುವಾಗ ನನ್ನ ಕೈಗೆ ಒಂದು ಮೋಸಂಬಿ ಕೊಟ್ಟಳು. ಅದನ್ನು ತಿನ್ನಲಿಲ್ಲ. ಈರಣ್ಣನಿಗೆ ಕೊಟ್ಟೆ.

ಜುಲೈ 29, ಮಂಗಳವಾರ

ನಾಗರಪಂಚಮಿ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ದಾನೇಶ್ವರಿಗೆ ತಂದೆ ತಾಯಿ ಇಲ್ಲ. ಬೈಲಹೊಂಗಲದಲ್ಲಿ ಅಣ್ಣನಿದ್ದಾನೆ, ಅವನ ಹೆಂಡತಿಗೂ ಇವಳಿಗೂ ಎಣ್ಣೆ ಸೀಗೆಕಾಯಿ. ಹೀಗಾಗಿ ನನ್ನ ಮನೆಗೇ ಬರುತ್ತಾಳೆ ಅಂತ ನಾನು ಯಾರನ್ನೂ ಕೇಳದೆ ಲೆಕ್ಕ ಹಾಕಿಕೊಂಡಿದ್ದೆ. ರಜೆ ಹಾಕಿದೆ. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದೆ, ತಂಬಿಟ್ಟು ಮಾಡಿದೆ, ಜೋಳದ ಅರಳು ತಂದೆ. ಮಧ್ಯಾಹ್ನ ಎರಡಕ್ಕೆ ಫೋನು ಬಂತು. ಗಂಡ ಬೈಲಹೊಂಗಲಕ್ಕೇ ಕರೆದುಕೊಂಡು ಹೋಗಿದ್ದಾನೆ. ಅಣ್ಣನ ಮನೆ ಅಂದರೆ ತವರು ಅಲ್ಲವೇ, ಅವನಿಗೇನು ಗೊತ್ತು.

ಅಷ್ಟು ಉಂಡಿ ಒಬ್ಬಳೇ ಏನು ಮಾಡಲಿ. ಒಂದು ಡಬ್ಬಿ ಗಿರಣಿಯ ಸಾವಂತ್ರವ್ವನಿಗೆ ಒಯ್ದು ಕೊಟ್ಟೆ. ಹಿಟ್ಟು ಮೆತ್ತಿದ ಕೈಯಿಂದಲೇ ಒಂದು ಬಾಯಿಗೆ ಹಾಕಿಕೊಂಡು, “ಬೆಲ್ಲ ಕಡಿಮಿ ಆಗೈತಿ,” ಅಂದಳು. ಆಮೇಲೆ, “ನೀವ ಹಾಳಾದವರು ಮ್ಯಾಲ ಜಿಗದ ಜಿಗದ ನನ್ನ ಮಾಳಿಗಿ ಮಣ್ಣ ಉದುರ್ಸಾಕತ್ತೀರಿ, ಹಿಟ್ಟಿನ್ಯಾಗ ಬೀಳತೈತಿ,” ಅಂತ ಬೈದಳು. ದಿನವಿಡೀ ನನ್ನೊಂದಿಗೆ ಎದುರಾಬದುರಾ ಮಾತನಾಡಿದವಳು ಅವಳೊಬ್ಬಳೇ. ಬೈಸಿಕೊಂಡು ಅರ್ಧ ತಾಸು ಅಲ್ಲೇ ಕುಳಿತೆ.

ಸಂಜೆ ಮನೆಯಲ್ಲಿ ಒಬ್ಬಳೇ ಕುಳಿತು ಅತ್ತುಬಿಟ್ಟೆ. ಎದುರಿಗೆ ಕುಳಿತು ಯಾಕವಾ ಅನ್ನುವವರು ಇಲ್ಲದಿದ್ದರೆ ಅಳು ಬೇಗ ಮುಗಿಯುತ್ತದೆ.

ಆಗಸ್ಟ್ 10, ರವಿವಾರ

ಇವತ್ತು ನಡೆದದ್ದನ್ನು ಪೂರಾ ಬರೆಯಬೇಕು.

ಸಂಜಯ ನನ್ನ ಕತ್ತಿಗೆ ಎಲ್ಲ ಔಷಧಿ ಮಾಡಿ ಸೋತಿದ್ದ. ಕಣ್ಣಿಗೆ ಓಢಣಿ ಕಟ್ಟಿಸಿದ, ಕಟ್ಟಿದ ಕಣ್ಣಲ್ಲೂ ತಿರುಗಿದೆ. ಕನ್ನಡಿಯ ಮುಂದೆ ನಿಲ್ಲಿಸಿದ. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದ, ಗೋಡೆಯನ್ನೂ ತಿರುಗಿ ನೋಡಿದೆ. ಇವತ್ತು ಹಾಡು ಅರ್ಧಕ್ಕೆ ಬಂದಾಗ ಸಾವಂತ್ರವ್ವ ಸೆರಗು ಕಟ್ಟಿಕೊಂಡು ಜಗಳಕ್ಕೇ ಬಂದಳು. ಮಣ್ಣಿನ ವಿಷಯ ಬೈದು ಮುಗಿಸಿ ದಣಿವಾರಿಸಿಕೊಳ್ಳಲು ನನ್ನ ಹಿಂದಿನ ಕುರ್ಚಿಯ ಮೇಲೆ ಕುಳಿತಳು. ನಾವು ಮುಂದುವರಿಸಿದೆವು. ನಾನು ತಿರುಗಿದೆ, ಅವಳ ಮೋರೆ ಕಂಡಿತು. ಮತ್ತೆ ತಿರುಗಿದೆ, ಮತ್ತೆ ಅದೇ ಮೋರೆ.

“ಏನ ನೋಡ್ತಿ ನನ್ನ?” ಅಂದಳು.

ಸಂಜಯ ಕಥೆಯೆಲ್ಲ ಹೇಳಿದ. ಅವಳು ಸೆರಗಿನಿಂದ ಮೋರೆ ಒರೆಸಿಕೊಂಡಳು. ನಂತರ, “ನೀ ಮುಂದ ನೋಡವಾ. ಹಿಂದ ನಾ ಅದೀನೆಲ್ಲ, ನಾ ನೋಡ್ಕೋತೀನಿ,” ಅಂದಳು. ಹಾಡು ಶುರುವಾಯಿತು. ನನ್ನ ಬಲಗಾಲು ಎದ್ದಾಗ ಹಿಂದಿನಿಂದ ಅವಳ ದನಿ ಬಂತು, “ಬಾ.” ಕಾಲಿಟ್ಟೆ. ಎಡಗಾಲು ಎದ್ದಿತು. “ಬಾ.” ಮತ್ತೆ, “ಬಾ. ಬಾ. ಯಾರೂ ಇಲ್ಲ, ಬಾ.”

ರಿವರ್ಸ್ ಬರುವ ಬಸ್ಸಿಗೆ ನಾನು ಅನ್ನುವುದನ್ನು ನನಗೆ ಯಾರೂ ಅಂದಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಇಲ್ಲ. ಕತ್ತು ತಿರುಗಲಿಲ್ಲ. ಎಂಟು ಎಣಿಕೆ ಆಯಿತು, ಹದಿನಾರಾಯಿತು, ಹಾಡು ಮುಗಿಯಿತು. ಹುಡುಗಿಯರು ನಿಂತು ನೋಡುತ್ತಿದ್ದರು. ಸೃಷ್ಟಿ ಎಂಬುವಳು ಮೊದಲು ಚಪ್ಪಾಳೆ ತಟ್ಟಿದಳು. ಅವಳು ಕಾಲೇಜಿಗೆ ಖಾನಾಪುರದಿಂದ ನನ್ನ ಬಸ್ಸಿಗೇ ಬರುತ್ತಾಳಂತೆ. ಯೂನಿಫಾರ್ಮ್ ಇಲ್ಲದೆ ನನ್ನ ಗುರುತು ಹತ್ತಿರಲಿಲ್ಲವಂತೆ.

ಕ್ಲಾಸು ಬಿಟ್ಟ ಮೇಲೆ ಎಲ್ಲರೂ ಮಿರ್ಚಿ ತಿನ್ನಲು ಹೋದರು. ನನ್ನನ್ನೂ ಕರೆದರು. ಹೋದೆ. ಎಣ್ಣೆ ಚೆನ್ನಾಗಿರಲಿಲ್ಲ, ಮೂರು ತಿಂದೆ.

ಆಗಸ್ಟ್ 24, ರವಿವಾರ

ಬರೆಯಲು ಹೊತ್ತಿಲ್ಲ. ಗಣಪತಿ ಹಬ್ಬದ ಜನ, ಹೆಚ್ಚಿನ ಟ್ರಿಪ್ಪು. ಕ್ಲಾಸಿನಲ್ಲಿ ಈಗ ಹೆಜ್ಜೆಗೆ ಕೈ ಸೇರಿಸುತ್ತಿದ್ದಾರೆ. ಸೃಷ್ಟಿಗೆ ಎಡಗಾಲಿನಿಂದ ಹಿಂದೆ ಹೋಗುವುದು ಇನ್ನೂ ಬರುವುದಿಲ್ಲ, ಬಸ್ಸಿನಿಂದ ಇಳಿದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಐದು ನಿಮಿಷ ಹೇಳಿಕೊಟ್ಟೆ. ಈರಣ್ಣನಿಗೆ ಹಾರ್ನ್ ಹೊಡೆದು ಹೊಡೆದು ಸಾಕಾಯಿತು.

ದಾನೇಶ್ವರಿಯ ಮೆಸೇಜು ಬಂದಿದೆ: “ವಿಡಿಯೋ ಯಾಕ ಕಳಸಾಕತ್ತಿಲ್ಲ?” ಹೌದಲ್ಲ, ಈ ತಿಂಗಳು ಒಂದೂ ಕಳಿಸಿಲ್ಲ. ನಾಳೆ ನೋಡೋಣ.

ಸೆಪ್ಟೆಂಬರ್ 7, ರವಿವಾರ

ಮುಂದಿನ ರವಿವಾರ ಕಾರ್ಯಕ್ರಮ. ಸಂಜಯ ಪಟ್ಟಿ ಹಿಡಿದುಕೊಂಡು ಬಂದ. “ಅಕ್ಕಾ, ಇವತ್ತ ಪಕ್ಕಾ ಹೇಳ್ರಿ. ಜೋಡಿ ಏನ್ ಸಿಂಗಲ್? ಜೋಡಿ ಅಂದ್ರ ಮದುವಿ ಆದ ಮ್ಯಾಲ ಅವ್ರ ಒಂದ ಸಲಾನೂ ಬಂದಿಲ್ಲ.”

ಈ ಪ್ರಶ್ನೆಯನ್ನು ಅವನು ಜೂನಿನಿಂದ ಐದು ಸಲ ಕೇಳಿದ್ದಾನೆ. ಐದು ಸಲವೂ ಜೋಡಿ ಅಂದಿದ್ದೇನೆ. ಇವತ್ತು ಅವನ ಕೈಯಿಂದ ಪೆನ್ನು ತೆಗೆದುಕೊಂಡು ನಾನೇ ಆಕೆಯ ಹೆಸರಿನ ಮೇಲೆ ಗೆರೆ ಎಳೆದೆ. ಗೆರೆ ಡೊಂಕಾಯಿತು. ಜೋಡಿ ಎಂಬ ಅಕ್ಷರದ ಮೇಲೆ ಎಳೆಯುವುದು ಮರೆತಿತ್ತು, ಅದನ್ನು ಅವನೇ ಹೊಡೆದ.

ಇದು ಆಕೆಗೆ ಮಾಡಿದ ದ್ರೋಹ ಅನ್ನಿಸುತ್ತಿದೆ. ಇಷ್ಟು ದಿನ ಯಾಕೆ ಕಾಯ್ದೆ ಅಂತಲೂ ಅನ್ನಿಸುತ್ತಿದೆ. ಎರಡೂ ಒಟ್ಟಿಗೇ.

ಸೆಪ್ಟೆಂಬರ್ 10, ಬುಧವಾರ

ಮನೆಯವರೆಲ್ಲ ಗೋಕಾಕಿಗೆ ಸೀಮಂತಕ್ಕೆ ಹೋಗಿದ್ದಾರೆ, ಬಂದು ಹೋಗು ಅಂತ ದಾನೇಶ್ವರಿ ಕರೆದಳು. ಮೊದಲ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಮಹಾಂತೇಶ ನಗರಕ್ಕೆ ಹೋದೆ. ಮೂರು ಅಂತಸ್ತಿನ ಮನೆ. ನಮ್ಮ ಎರಡು ಖೋಲಿ ಸೇರಿದಷ್ಟು ಅಡುಗೆಮನೆ. ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡವಳು ಬಿಡಲೇ ಇಲ್ಲ. ಸೊರಗಿದ್ದಾಳೆ.

“ಏಳ ಮಂದಿ ಅದೀವಿ ನೋಡು ಮನ್ಯಾಗ. ಎಲ್ಲಾರೂ ಛಲೋ. ಮಾತಾಡಾಕ ಒಬ್ರೂ ಇಲ್ಲ,” ಅಂದಳು.

ಚಹಾ ಕುಡಿಯುತ್ತ ಹೇಳಿಯೇಬಿಟ್ಟೆ. “ನಿನ್ನ ಹೆಸರ ಹೊಡದು ಬಂದೀನಿ. ಸಿಂಗಲ್ ಅಂತ ಬರಿಸೀನಿ.”

ಆಕೆ ಕಪ್ಪು ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಎದ್ದು, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಒಲೆಯ ಮುಂದಿನ ಜಾಗದಲ್ಲಿ ನಿಂತು ಶುರು ಮಾಡಿದಳು. ಹಾಡಿಲ್ಲ ಏನಿಲ್ಲ. ಹಿಂದ, ಬಾಜು, ಮುಂದ. ಹಿಂದ, ಬಾಜು, ಮುಂದ. ತಪ್ಪಿಲ್ಲದೆ. ಒಂದೇ ಒಂದು ದಿನವೂ ಈ ಹೆಜ್ಜೆಯ ಕ್ಲಾಸಿಗೆ ಬಾರದವಳು. ಮೂರು ತಿಂಗಳು ನಾನು ಬೆವರು ಸುರಿಸಿ, ಪೋರಿಯರ ಹತ್ತಿರ ನಗಿಸಿಕೊಂಡು ಕಲಿತದ್ದನ್ನು ಅಡುಗೆಮನೆಯಲ್ಲಿ ಸುಲಭವಾಗಿ ಮಾಡುತ್ತಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು. ಚಹಾ ಅಲ್ಲೇ ಬಿಟ್ಟು ಎದ್ದು ಹೋಗಬೇಕು ಅನ್ನಿಸಿತು.

ಆಗ ನೋಡಿದೆ. ಬಲಗಾಲು ಹಿಂದೆ ಇಡುವ ಮೊದಲು ಆಕೆಯ ಕತ್ತು ಬಲಕ್ಕೆ ತಿರುಗಿತು. ಮುಂದಿನ ಸಲವೂ. ಅದರ ಮುಂದಿನ ಸಲವೂ. ಆಕೆಯ ಹಿಂದೆ ಫ್ರಿಜ್ಜು ಬಿಟ್ಟರೆ ಏನೂ ಇಲ್ಲ.

“ಹಿಂದ ಏನ ನೋಡ್ತಿ?” ಅಂದೆ.

“ಅದೂ ಸ್ಟೆಪ್ಪಿನ್ಯಾಗ ಐತೆಲ್ಲ. ನೀ ಮಾಡ್ತಿದ್ದಿ, ವಿಡಿಯೋದಾಗ. ಅದಕ್ಕಂತನ ತಲಿ ಕಾಣೂ ಹಂಗ ತೆಗಿ ಅಂದಿದ್ದೆ.” ನಿಂತು ಉಸಿರು ತೆಗೆದುಕೊಂಡಳು. “ಮಧ್ಯಾಹ್ನ ಎಲ್ಲಾರೂ ಮಲಗಿದ ಮ್ಯಾಲ ಮಾಡ್ತೀನಿ. ಫೋನಿನ್ಯಾಗ ನೀ ಒಂದ ಬಾಜು ಬಿಟ್ಟ ನಿಂತಿರ್ತಿದ್ದೆಲ್ಲ, ಆ ಜಾಗಾಕ ನಾ ನಿಂತೀನಿ ಅಂತ ತಿಳ್ಕೊಂಡ ಮಾಡ್ತಿದ್ದೆ. ಆಗಸ್ಟಿನ್ಯಾಗ ನೀ ಕಳಸೂದ ಬಿಟ್ಟಿ. ಹಳೇವ ನೋಡಿ ಮಾಡಿದೆ.”

ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆವು. ನಡುವೆ ನಕ್ಕೆವು. ಜೋಡಿ ಅಂತ ಮತ್ತೆ ಬರೆಸುತ್ತೇನೆ, ಸಂಜಯ ಬೇಡ ಅನ್ನುವವನಲ್ಲ, ಬಾ ಅಂದೆ. ತಲೆಯಾಡಿಸಿದಳು.

“ಆಗೂದಿಲ್ಲ. ಅವರು ಬ್ಯಾಡ ಅಂದಿಲ್ಲ, ಸುಳ್ಳ ಯಾಕ ಹೇಳ್ಲಿ. ನಾ ಕೇಳೇ ಇಲ್ಲ. ಕೇಳಾಕ ಇನ್ನ ಧೈರ್ಯ ಬಂದಿಲ್ಲ.” ಆಮೇಲೆ, “ಕಾರ್ಯಕ್ರಮದಾಗ ನಿನ್ನ ಪಾಳಿ ಎಷ್ಟಕ್ಕ?” ಅಂದಳು.

“ಸಂಜಿಕ ಆರೂವರಿಗೆ.”

ಕತ್ತು ತಿರುಗಿಸುವುದು ತಪ್ಪು ಅಂತ ಆಕೆಗೆ ಹೇಳಲಿಲ್ಲ. ಯಾರು ತಿದ್ದಿದರೂ ನಾನು ತಿದ್ದುವುದಿಲ್ಲ.

ಸೆಪ್ಟೆಂಬರ್ 14, ರವಿವಾರ

ಆಯಿತು. ಒಬ್ಬಳೇ ಕುಣಿದೆ. ಪೂರಾ ಒಂದೂವರೆ ನಿಮಿಷ. ನಡುವೆ ಒಂದು ಕಡೆ ಎಡಗಾಲಿನ ಬದಲು ಬಲಗಾಲು ಹೋಯಿತು, ಹೋಗಲಿ ಅಂತ ಬಿಟ್ಟು ಮುಂದಿನ ಎಣಿಕೆಗೆ ಸೇರಿಕೊಂಡೆ. ಈ ಸಲ ಪಕ್ಕದಲ್ಲಿ ಜಾಗ ಬಿಡದೆ ನಟ್ಟನಡುವೆ ನಿಂತಿದ್ದೆ. ಸಾವಂತ್ರವ್ವ ಮುಂದಿನ ಸಾಲಿನಲ್ಲಿ ಕಾಲು ಮಡಿಸಿಕೊಂಡು ಕುಳಿತಿದ್ದಳು. ಈರಣ್ಣ ಹೆಂಡತಿಯನ್ನು ಕರೆದುಕೊಂಡು ಬಂದು ಹಿಂದಿನಿಂದ ಸೀಟಿ ಹೊಡೆದ, ಜನ ತಿರುಗಿ ನೋಡಿದರು. ಮುಗಿದ ಮೇಲೆ ಹುಡುಗಿಯರೆಲ್ಲ ಮೈಮೇಲೆ ಬಿದ್ದರು. ಖುಷಿಯಾಯಿತು. ಖುಷಿಯ ನಡುವೆಯೇ ಆಕೆ ಇಲ್ಲ ಅನ್ನುವುದೂ ನೆನಪಾಯಿತು, ಮತ್ತೆ ಖುಷಿಯಾಯಿತು.

ಮನೆಗೆ ಬಂದು ಬೀಗ ತೆಗೆಯುವಾಗ ದಾನೇಶ್ವರಿಯ ಫೋನು. ಪಿಸುಮಾತಿನಲ್ಲಿ ಮಾತನಾಡುತ್ತಿದ್ದಳು.

“ಬರೋಬ್ಬರಿ ಆರೂವರಿಗೆ ಅಡಗಿಮನ್ಯಾಗ ಚಾಲೂ ಮಾಡಿದೆ. ನೀನೂ ಅಲ್ಲೆ ಅದ ಹೊತ್ತಿಗೆ ಕುಣ್ಯಾಕತ್ತಿರ್ತಿ, ಜೋಡೀನ ಆತಲಾ ಅಂತ. ನಾಕ ಸಲಾ ಆಗಿತ್ತು, ಅತ್ತಿಯವರು ಬಂದ್ರು. ನಿಲ್ಲಿಸಿಬಿಟ್ಟೆ.” ಆಮೇಲೆ ಕೇಳಿದಳು, “ನೀ ಆರೂವರಿಗೇ ಮಾಡಿದಿ, ಹೌದಿಲ್ಲೋ?”

ಮುಖ್ಯ ಅತಿಥಿಗಳು ಬರುವುದು ತಡವಾಗಿ ಕಾರ್ಯಕ್ರಮ ಶುರುವಾದದ್ದೇ ಏಳರ ಮೇಲೆ. ಆರೂವರೆಗೆ ನಾನು ಸಭಾಗೃಹದ ಹೊರಗಿನ ಕಟ್ಟೆಯ ಮೇಲೆ ಒಬ್ಬಳೇ ಕುಳಿತು ಬೂಟಿನ ಲೇಸು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದೆ.

“ಹೂಂ, ಬರೋಬ್ಬರಿ ಆರೂವರಿಗೆ,” ಅಂದೆ. “ನೀ ಬಿಟ್ಟದ್ದ ನಾ ಮುಗಿಸೀನಿ.”